ಸೋಲಾರ್ ಸೈಂಟಿಫಿಕ್ ಕ್ಯಾಲ್ಕುಲೇಟರ್: 82 ಸಾಕೇ, 991 ಬೇಕೇ?

ಮಳೆಗಾಲ ಶುರುವಾಗಿ ಕಾಲೇಜುಗಳಲ್ಲಿ ಅಡ್ಮಿಶನ್ ನಡೆಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಪುಸ್ತಕದ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಕೇಳಿಸುತ್ತದೆ. 82 ಕೊಡಲೋ, 991 ಕೊಡಲೋ? ಎರಡೂ ಕ್ಯಾಸಿಯೊ ಕಂಪನಿಯ ಸೈಂಟಿಫಿಕ್ ಕ್ಯಾಲ್ಕುಲೇಟರಿನ ಮಾಡೆಲ್ ನಂಬರುಗಳು. ಧಾರವಾಡದ ಸುಭಾಸ ರಸ್ತೆಯಲ್ಲೂ ಅದೇ, ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಅದೇ. ಕೌಂಟರಿನ ಮೇಲೆ ಮೂರ್ನಾಲ್ಕು ಡಬ್ಬಿ ಸಾಲಾಗಿ ಇಡುತ್ತಾರೆ. ಒಂದರ ಮೇಲೆ 240 ಫಂಕ್ಷನ್ ಎಂದು ಬರೆದಿದೆ, ಇನ್ನೊಂದರ ಮೇಲೆ 401, ಮತ್ತೊಂದರ ಮೇಲೆ 417, ಇನ್ನೂ ದುಬಾರಿಯದರ ಮೇಲೆ 552. ತಂದೆ ತಾಯಿ ಆ ಅಂಕಿ ನೋಡಿ ತೀರ್ಮಾನ ಮಾಡುತ್ತಾರೆ. "ಸರ್, ಜಾಸ್ತಿ ಫಂಕ್ಷನ್ ಇದ್ದದ್ದ ಕೊಡಸ್ತೀನ್ರಿ, ನಾಕ್ ವರ್ಷ ಚಿಂತಿ ಇರಬಾರದು" ಎಂದು ನನಗೆ ಹೇಳಿದವರು ಬಹಳ ಜನ.

ನಾನು ಡಿಪ್ಲೊಮಾ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ದಿನವೂ ಅವರ ಕೈಯಲ್ಲಿ ಈ ಯಂತ್ರಗಳನ್ನು ನೋಡುತ್ತೇನೆ. ಫಂಕ್ಷನ್ ಎಣಿಸಿ ಕ್ಯಾಲ್ಕುಲೇಟರ್ ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ನೋಡಬೇಕಾದದ್ದು ನೀವು ಬರೆಯುವ ಪರೀಕ್ಷೆ. ಆಮೇಲೆ ಪರದೆ, ಅಂದರೆ ನೀವು ಒತ್ತಿದ್ದು ನಿಮಗೇ ಎಷ್ಟು ಚೆನ್ನಾಗಿ ಕಾಣುತ್ತದೆ ಎನ್ನುವುದು. ಅದಾದ ಮೇಲೆ ವಿದ್ಯುತ್ ಎಲ್ಲಿಂದ ಬರುತ್ತದೆ ಎನ್ನುವುದು. ಫಂಕ್ಷನ್ ಎಷ್ಟು ಎನ್ನುವುದು ಕೊನೆಗೆ.

ಮೊದಲು ಪರೀಕ್ಷೆಯ ನಿಯಮ

ಇದನ್ನು ಬೇಗ ಮುಗಿಸಿಬಿಡೋಣ. ಆದರೆ ಇಲ್ಲಿ ತಪ್ಪಿದರೆ ದುಡ್ಡು ಪೂರ್ತಿ ದಂಡ.

ಸಿಇಟಿ, ನೀಟ್, ಜೆಇಇ ಮೇನ್, ಈ ಮೂರಕ್ಕೂ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪಿಯುಸಿ ವಿಜ್ಞಾನಕ್ಕೆ ಸೇರಿದ ಕೂಡಲೇ 991 ಕೊಡಿಸುವವರು ಇದನ್ನು ಯೋಚಿಸಬೇಕು. ಮಗ ಎರಡು ವರ್ಷ ಅದರಲ್ಲೇ ಲೆಕ್ಕ ಮಾಡಿ ರೂಢಿಯಾಗಿ, ಕೊನೆಗೆ ಸಿಇಟಿ ಹಾಲ್‌ನಲ್ಲಿ ಬರಿಗೈಯಲ್ಲಿ ಕೂರಬೇಕಾಗುತ್ತದೆ. ಪಿಯುಸಿಯಲ್ಲಿ ಲಾಗ್ ಟೇಬಲ್ ನೋಡಿ ಲೆಕ್ಕ ಮಾಡುವುದೇ ಒಳ್ಳೆಯದು.

ಗೇಟ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಪರದೆಯ ಮೇಲೆಯೇ ಒಂದು ಕ್ಯಾಲ್ಕುಲೇಟರ್ ಕೊಡುತ್ತಾರೆ, ನಿಮ್ಮದು ನಡೆಯುವುದಿಲ್ಲ. ಮೌಸ್ ಹಿಡಿದು ಒಂದೊಂದೇ ಗುಂಡಿ ಒತ್ತಬೇಕು. ಆ ತಯಾರಿ ನಡೆಸುವವರು ಕೊನೆಯ ಕೆಲವು ತಿಂಗಳು ಅದರಲ್ಲೇ ಅಭ್ಯಾಸ ಮಾಡಬೇಕು.

ಸಿಎ ಓದುವವರಿಗೆ ಸೈಂಟಿಫಿಕ್ ಬೇಡವೇ ಬೇಡ. ಅಲ್ಲಿ 6 ಫಂಕ್ಷನ್, 12 ಅಂಕಿ, 2 ಮೆಮೊರಿಯ ಮಿತಿ ಇದೆ. ಅಂಗಡಿಯವರು ಟೇಬಲ್ ಮೇಲೆ ಇಟ್ಟುಕೊಳ್ಳುವಂಥ 12 ಅಂಕಿಯ ದೊಡ್ಡ ಗುಂಡಿಯ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

ವಿಟಿಯು ಎಂಜಿನಿಯರಿಂಗ್, ಡಿಪ್ಲೊಮಾ, ಬಿಎಸ್ಸಿ, ಕೃಷಿ ಪದವಿ, ಇವರಿಗೆಲ್ಲ ಸೈಂಟಿಫಿಕ್ ಬೇಕು. ಪ್ರೋಗ್ರಾಂ ಬರೆದು ಇಟ್ಟುಕೊಳ್ಳುವಂಥದ್ದು, ಗ್ರಾಫ್ ಬಿಡಿಸುವಂಥದ್ದು ಬೇಡ. ಕೆಳಗೆ ನಾನು ಹೇಳುವ ಯಾವುದರಲ್ಲೂ ಅವೆರಡೂ ಇಲ್ಲ. ಆದರೂ ತೀರಾ ಹೊಸ ಮಾಡೆಲ್ ಕೊಳ್ಳುವ ಮೊದಲು ನಿಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಒಮ್ಮೆ ಕೇಳಿ. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರಬಹುದು.

ಬಿಸಿಲು ಎಲ್ಲಿಂದ ಬಂತು

ಸೋಲಾರ್ ಪಟ್ಟಿ ಬೇಕೇ ಬೇಡವೇ ಎಂದು ತೀರ್ಮಾನಿಸಲು ಅದು ಕ್ಯಾಲ್ಕುಲೇಟರಿನ ಮೇಲೆ ಹೇಗೆ ಬಂದು ಕೂತಿತು ಎಂದು ತಿಳಿದರೆ ಒಳ್ಳೆಯದು.

ಜೇಬಿಗೆ ಹಿಡಿಸುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ 1972ರಲ್ಲಿ ಬಂತು. ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-35. ಅದರಲ್ಲಿ 35 ಗುಂಡಿ ಇದ್ದವು, ಹೆಸರು ಅದರಿಂದಲೇ ಬಂದದ್ದು. ಬೆಲೆ 395 ಡಾಲರ್. ಅಲ್ಲಿಯವರೆಗೆ ಎಂಜಿನಿಯರ್‌ಗಳ ಕೈಯಲ್ಲಿ ಸ್ಲೈಡ್ ರೂಲ್ ಇರುತ್ತಿತ್ತು, ಪಕ್ಕದಲ್ಲಿ ಲಾಗ್ ಟೇಬಲ್. ನಮ್ಮ ಹುಬ್ಬಳ್ಳಿಯ ಬಿವಿಬಿ ಕಾಲೇಜು ಶುರುವಾದದ್ದು 1947ರಲ್ಲಿ. ಅಂದರೆ ಅದರ ಮೊದಲ 25 ವರ್ಷದ ಎಂಜಿನಿಯರ್‌ಗಳು ಇಂಥ ಯಂತ್ರ ಇಲ್ಲದೆಯೇ ಸೇತುವೆ, ಮೋಟಾರು, ಯಂತ್ರಗಳ ಲೆಕ್ಕ ಕಲಿತರು. ಅವರ ಬಗ್ಗೆ ನನಗೆ ಬಹಳ ಗೌರವ.

ಎಚ್‌ಪಿ-35ರ ಪರದೆಯಲ್ಲಿ ಅಂಕಿಗಳು ಕೆಂಪು ಎಲ್‌ಇಡಿಯಲ್ಲಿ ಹೊಳೆಯುತ್ತಿದ್ದವು. ನೋಡಲು ಚಂದ, ಆದರೆ ಕರೆಂಟ್ ಕುಡಿಯುತ್ತಿತ್ತು. ಚಾರ್ಜ್ ಮಾಡಿದ ಬ್ಯಾಟರಿ ಕೆಲವೇ ಗಂಟೆ ಬರುತ್ತಿತ್ತು. ಅಷ್ಟು ಕರೆಂಟ್ ಬೇಡುವ ಯಂತ್ರಕ್ಕೆ ಬೆರಳಗಲದ ಸೋಲಾರ್ ಪಟ್ಟಿ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಈ ತೊಡಕು ಬಿಡಿಸಿದ್ದು ಪರದೆ. 1973ರಲ್ಲಿ ಜಪಾನಿನ ಶಾರ್ಪ್ ಕಂಪನಿ ಇಎಲ್-805 ಎಂಬ ಕ್ಯಾಲ್ಕುಲೇಟರಿಗೆ ಎಲ್‌ಸಿಡಿ ಪರದೆ ಹಾಕಿತು. ಒಂದೇ ಪೆನ್ಸಿಲ್ ಸೆಲ್‌ನಲ್ಲಿ ಅದು 100 ಗಂಟೆ ನಡೆಯಿತು. ಎಲ್‌ಸಿಡಿ ತಾನೇ ಬೆಳಗುವುದಿಲ್ಲ, ಸುತ್ತಲಿನ ಬೆಳಕನ್ನು ತಡೆದು ಕಪ್ಪು ಅಂಕಿ ತೋರಿಸುತ್ತದೆ. ಅದಕ್ಕೇ ಅಷ್ಟು ಉಳಿತಾಯ. ಒಳಗಿನ ಚಿಪ್ ಕೂಡ ಕರೆಂಟ್ ಉಳಿಸುವ ಬಗೆಯದು, ಸಿಮಾಸ್ ಎನ್ನುತ್ತಾರೆ. ಇವತ್ತಿನ 82ಎಂಎಸ್ ಬಳಸುವುದು ಒಂದು ವ್ಯಾಟ್‌ನ ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ. ಮನೆಯ 9 ವ್ಯಾಟ್ ಬಲ್ಬ್ ಒಂದು ಗಂಟೆಗೆ ತಿನ್ನುವಷ್ಟರಲ್ಲಿ ಈ ಯಂತ್ರ 90 ಸಾವಿರ ಗಂಟೆ ನಡೆಯುತ್ತದೆ. ಅಂದರೆ ಹತ್ತು ವರ್ಷ ಹಗಲು ರಾತ್ರಿ.

ಇಷ್ಟು ಕಡಿಮೆಗೆ ಇಳಿದ ಮೇಲೆ ಸೋಲಾರ್ ದಾರಿ ತೆರೆಯಿತು. 1976ರಲ್ಲಿ ಶಾರ್ಪ್ ಸೋಲಾರ್ ಸೆಲ್ ಇರುವ ಕ್ಯಾಲ್ಕುಲೇಟರ್ ತಂದಿತು. ಆದರೆ ಆಗಿನ ಸೆಲ್ ಹರಳಿನ ಸಿಲಿಕಾನ್‌ನದು, ನಮ್ಮ ಮಾಳಿಗೆ ಮೇಲಿನ ಪ್ಯಾನೆಲ್ ಇದೆಯಲ್ಲ, ಅದೇ ಜಾತಿ. ಬಿಸಿಲಿನಲ್ಲಿ ಅದು ಬಲಶಾಲಿ. ಕೋಣೆಯ ಟ್ಯೂಬ್‌ಲೈಟ್ ಕೆಳಗೆ ಸೋಲುತ್ತದೆ. ಕ್ಯಾಲ್ಕುಲೇಟರ್ ಬಳಸುವವರು ಕೂರುವುದು ಕೋಣೆಯೊಳಗೆ ಅಲ್ವಾ?

ಅದಕ್ಕೆ ಉತ್ತರ ಸಿಕ್ಕಿದ್ದು ಇನ್ನೊಂದು ಬಗೆಯ ಸಿಲಿಕಾನ್‌ನಲ್ಲಿ. ಹರಳು ಕಟ್ಟದೆ, ಗಾಜಿನ ಮೇಲೆ ತೆಳ್ಳಗೆ ಪದರವಾಗಿ ಹರಡುವ ಅಮಾರ್ಫಸ್ ಸಿಲಿಕಾನ್. ಅಮೆರಿಕದ ಆರ್‌ಸಿಎ ಪ್ರಯೋಗಾಲಯದಲ್ಲಿ ಕಾರ್ಲ್‌ಸನ್ ಮತ್ತು ರಾನ್‌ಸ್ಕಿ 1976ರಲ್ಲಿ ಇದರಿಂದ ಸೋಲಾರ್ ಸೆಲ್ ಮಾಡಿದ್ದನ್ನು ಪ್ರಕಟಿಸಿದರು. 1980ರಲ್ಲಿ ಜಪಾನಿನ ಸ್ಯಾನ್ಯೊ ಅದನ್ನು ಕ್ಯಾಲ್ಕುಲೇಟರಿಗಾಗಿ ಮಾರುಕಟ್ಟೆಗೆ ತಂದಿತು. ಇದರ ಗುಣ ಏನೆಂದರೆ, ಕಣ್ಣಿಗೆ ಕಾಣುವ ಬೆಳಕನ್ನೇ ಇದು ಚೆನ್ನಾಗಿ ಹಿಡಿಯುತ್ತದೆ. ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬ್ ಕೊಡುವುದು ಹೆಚ್ಚುಕಡಿಮೆ ಅಂಥ ಬೆಳಕನ್ನೇ. ಹರಳಿನ ಸೆಲ್ ಇನ್ಫ್ರಾರೆಡ್‌ನಿಂದಲೂ ಸಾಕಷ್ಟು ಶಕ್ತಿ ಪಡೆಯುತ್ತದೆ, ಆದರೆ ಟ್ಯೂಬ್‌ಲೈಟ್‌ನಲ್ಲಿ ಅದು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಮಾಳಿಗೆಯ ಮೇಲೆ ಹಿಂದೆ ಬೀಳುವ ಸೆಲ್ ಮೇಜಿನ ಮೇಲೆ ಗೆಲ್ಲುವುದು ಹೀಗೆ.

ನನಗೆ ಈ ವಿನ್ಯಾಸದಲ್ಲಿ ಬಹಳ ಇಷ್ಟವಾದ ಮಾತು ಒಂದಿದೆ. ಎಲ್‌ಸಿಡಿ ಓದಲು ಬೆಳಕು ಬೇಕು, ಸೋಲಾರ್ ನಡೆಯಲೂ ಬೆಳಕು ಬೇಕು. ಪರದೆ ಓದುವಷ್ಟು ಬೆಳಕಿದ್ದರೆ ಸಾಮಾನ್ಯವಾಗಿ ಯಂತ್ರ ನಡೆಯುವಷ್ಟೂ ಇರುತ್ತದೆ. ಎರಡು ಭಾಗಗಳು ಒಂದಕ್ಕೊಂದು ಇಷ್ಟು ಹೊಂದಿಕೊಂಡ ವಸ್ತುಗಳು ನಮ್ಮ ದಿನಬಳಕೆಯಲ್ಲಿ ಕಡಿಮೆ.

ಸೋಲಾರ್, ಸೆಲ್, ಅಥವಾ ಎರಡೂ

ಈಗ ಅಂಗಡಿಗೆ ಬರೋಣ. ನಮ್ಮ ಕಡೆ ಸಿಗುವುದು ಮುಖ್ಯವಾಗಿ ಕ್ಯಾಸಿಯೊ, ಹಾಗಾಗಿ ಅದರ ಮಾಡೆಲ್‌ಗಳನ್ನೇ ಹಿಡಿದು ಹೇಳುತ್ತೇನೆ.

ಎಫ್‌ಎಕ್ಸ್-82ಎಂಎಸ್ ಬರೀ ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ. ಸೋಲಾರ್ ಇಲ್ಲ. 991 ಸಾಲಿನವುಗಳಲ್ಲಿ, ಅಂದರೆ 991ಎಂಎಸ್, 991ಇಎಸ್ ಪ್ಲಸ್, 991ಇಎಕ್ಸ್, 991ಸಿಡಬ್ಲ್ಯೂ ಇವುಗಳಲ್ಲಿ ಸೋಲಾರ್ ಪಟ್ಟಿಯೂ ಇದೆ, ಒಳಗೆ ಒಂದು ಬಟನ್ ಸೆಲ್ಲೂ ಇದೆ. ಬರೀ ಸೋಲಾರ್‌ನಲ್ಲೇ ನಡೆಯುವಂಥವೂ ಇವೆ, ಎಫ್‌ಎಕ್ಸ್-260 ಸೋಲಾರ್ ಅಂಥದ್ದು. ಅದು ನಮ್ಮ ಅಂಗಡಿಗಳಲ್ಲಿ ಕಾಣುವುದು ಅಪರೂಪ. ಸಿಕ್ಕರೂ ಬೇಡ ಎನ್ನುತ್ತೇನೆ. ಲೆಕ್ಕದ ನಡುವೆ ಕೈ ಅಡ್ಡ ಬಂದು ನೆರಳಾದರೆ ಮೆಮೊರಿಯಲ್ಲಿ ಇಟ್ಟದ್ದು ಹೋಗುತ್ತದೆ.

ಸೋಲಾರ್ ಇದ್ದರೆ ಸೆಲ್ ಖರ್ಚು ಉಳಿಯುತ್ತದೆ ಎಂದು ಹೇಳಿ ಮಾರುತ್ತಾರೆ. ಆ ಲೆಕ್ಕ ದೊಡ್ಡದಲ್ಲ. 82ರ ಪೆನ್ಸಿಲ್ ಸೆಲ್ ವರ್ಷಗಟ್ಟಲೆ ಬರುತ್ತದೆ, ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. 991ಇಎಸ್ ಪ್ಲಸ್‌ನ ಬಟನ್ ಸೆಲ್ ದಿನಕ್ಕೆ ಒಂದು ಗಂಟೆ ಬಳಸಿದರೆ ಸುಮಾರು ಮೂರು ವರ್ಷ ಎಂದು ಕಂಪನಿಯೇ ಹೇಳುತ್ತದೆ. ಸೋಲಾರ್‌ನ ನಿಜವಾದ ಲಾಭ ಬೇರೆ. ಪರೀಕ್ಷೆಯ ನಡುವೆ ಸೆಲ್ ಕೈಕೊಟ್ಟರೆ 82 ಅಲ್ಲಿಗೇ ನಿಲ್ಲುತ್ತದೆ. 991 ಆದರೆ ಕಿಟಕಿಯ ಬೆಳಕಿನಲ್ಲಿ ಉಳಿದ ಹೊತ್ತನ್ನು ತಳ್ಳಿಬಿಡುತ್ತದೆ. ಆ ಭರವಸೆಗೆ ಬೆಲೆ ಇದೆ.

ಆದರೆ ಸೋಲಾರ್ ಇದೆ ಎಂದು ಸೆಲ್ ಮರೆಯಬಾರದು. ಸೆಲ್ ಸತ್ತ 991 ಬೆಳಗಿನ ತರಗತಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಧಾರವಾಡದ ಜುಲೈ ತಿಂಗಳು ಗೊತ್ತಲ್ಲ, ಮೋಡ ಕವಿದು ಮಧ್ಯಾಹ್ನವೇ ಸಂಜೆಯಂತೆ ಆಗುತ್ತದೆ. ಅದರ ಜೊತೆ ಕರೆಂಟೂ ಹೋಯಿತೆಂದರೆ ಅಂಕಿ ಮಸುಕಾಗಿ ಅಳಿಸಿಹೋಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಸೋಲಾರ್ ಪಟ್ಟಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ ಯಂತ್ರ ಆನ್ ಮಾಡಿ ನೋಡಿ. ಅಂಕಿ ಗಟ್ಟಿ ಕಪ್ಪಾಗಿ ಇದ್ದರೆ ಸೆಲ್ ಚೆನ್ನಾಗಿದೆ. ಮಂಕಾದರೆ ಬದಲಿಸಿ. ಎಲ್‌ಆರ್44 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲಿ ಕೊಡುತ್ತಾರೆ. ಎಜಿ13 ಎಂದು ಬರೆದದ್ದೂ ಅದೇ ಅಳತೆಯದು.

82 ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಕೋರ್ಸ್ ಮುಗಿದ ಮೇಲೆ ಸೆಲ್ ತೆಗೆದಿಡಿ. ಹಳೆಯ ಪೆನ್ಸಿಲ್ ಸೆಲ್ ಸೋರಿ ಒಳಗಿನ ಸ್ಪ್ರಿಂಗ್‌ಗೆ ಹಸಿರು ಕಿಲುಬು ಹತ್ತುತ್ತದೆ. ತಮ್ಮ ತಂಗಿಯರಿಗೆ ಕೊಡಬಹುದಾಗಿದ್ದ ಎಷ್ಟೋ ಯಂತ್ರಗಳು ಹೀಗೆ ಹಾಳಾಗುತ್ತವೆ.

ಸೋಲಾರ್ ಎಂದು ಬಿಸಿಲಿಗೆ ಇಡುವವರೂ ಇದ್ದಾರೆ. ಅದು ಬೇಡ. ಈ ಯಂತ್ರಗಳಿಗೆ ಕಂಪನಿ ಹೇಳುವ ಉಷ್ಣತೆ 0ಯಿಂದ 40 ಡಿಗ್ರಿ. ಏಪ್ರಿಲ್-ಮೇ ತಿಂಗಳಲ್ಲಿ ಗದಗ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿಯೊಳಗೆ ಇದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಕಾವು ಏರಿದರೆ ಎಲ್‌ಸಿಡಿ ಪೂರ್ತಿ ಕಪ್ಪಾಗುತ್ತದೆ. ನೆರಳಿಗೆ ತಂದರೆ ಬಹಳ ಸಲ ಸರಿಹೋಗುತ್ತದೆ, ಮತ್ತೆ ಮತ್ತೆ ಆದರೆ ಕಲೆ ಉಳಿಯುತ್ತದೆ. ಈ ಪಟ್ಟಿಯಿಂದ ಒಳಗಿನ ಸೆಲ್ ಚಾರ್ಜ್ ಆಗುವುದೂ ಇಲ್ಲ. ಸುಮ್ನೆ ಒಣಗಿಸಿದಂತೆ ಅಷ್ಟೇ.

ಪರದೆಯೇ ನಿಜವಾದ ವ್ಯತ್ಯಾಸ

ಹಳೆಯ ಸೈಂಟಿಫಿಕ್ ಕ್ಯಾಲ್ಕುಲೇಟರುಗಳಲ್ಲಿ ಒಂದೇ ಸಾಲು ಇರುತ್ತಿತ್ತು. ಸೈನ್ 30 ಬೇಕೆಂದರೆ ಮೊದಲು 30 ಒತ್ತಿ ಆಮೇಲೆ ಸೈನ್ ಒತ್ತಬೇಕು. ಪುಸ್ತಕದಲ್ಲಿ ಬರೆಯುವ ಕ್ರಮಕ್ಕೆ ಉಲ್ಟಾ. ಒತ್ತಿದ್ದು ಏನು ಎನ್ನುವುದು ಪರದೆಯಲ್ಲಿ ಉಳಿಯುತ್ತಲೂ ಇರಲಿಲ್ಲ.

ಎಂಎಸ್ ಮಾಡೆಲ್‌ಗಳಲ್ಲಿ, ಅಂದರೆ 82ಎಂಎಸ್, 991ಎಂಎಸ್‌ಗಳಲ್ಲಿ, ಎರಡು ಸಾಲಿನ ಪರದೆ ಇದೆ. ಮೇಲೆ ನೀವು ಒತ್ತಿದ್ದು, ಕೆಳಗೆ ಉತ್ತರ. ತಪ್ಪಾದರೆ ಬಾಣದ ಗುಂಡಿ ಒತ್ತಿ ಹಿಂದೆ ಹೋಗಿ ತಿದ್ದಬಹುದು. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಇಎಸ್ ಪ್ಲಸ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಭಿನ್ನರಾಶಿ ಮೇಲೆ ಕೆಳಗೆ ಗೆರೆ ಸಮೇತ ಕಾಣುತ್ತದೆ, ವರ್ಗಮೂಲದ ಚಿಹ್ನೆ ಒಳಗಿನ ಎಲ್ಲವನ್ನೂ ಮುಚ್ಚಿಕೊಂಡು ಕಾಣುತ್ತದೆ, ಇಂಟಿಗ್ರಲ್‌ನ ಮಿತಿಗಳು ತಮ್ಮ ಜಾಗದಲ್ಲೇ ಕೂರುತ್ತವೆ. ನೋಟ್‌ಬುಕ್ಕಿನಲ್ಲಿ ಬರೆದಂತೆಯೇ.

ಇದು ಬರೀ ಚಂದಕ್ಕಲ್ಲ. ಎಲೆಕ್ಟ್ರಾನಿಕ್ಸ್ ಮಕ್ಕಳು ಪದೇಪದೇ ಮಾಡುವ ಒಂದು ಲೆಕ್ಕ ತೆಗೆದುಕೊಳ್ಳಿ. ರೆಸೊನೆನ್ಸ್ ಫ್ರೀಕ್ವೆನ್ಸಿ. ಮೇಲೆ 1, ಛೇದದಲ್ಲಿ 2, ಪೈ, ಮತ್ತು ಎಲ್ ಗುಣಿಸು ಸಿಯ ವರ್ಗಮೂಲ, ಇವುಗಳ ಗುಣಲಬ್ಧ. ಎಲ್ ಎಂದರೆ ಇಂಡಕ್ಟೆನ್ಸ್, ಸಿ ಎಂದರೆ ಕೆಪ್ಯಾಸಿಟೆನ್ಸ್. ಎಲ್ 10 ಮಿಲಿಹೆನ್ರಿ, ಸಿ 0.1 ಮೈಕ್ರೊಫ್ಯಾರಡ್ ಆದರೆ ಉತ್ತರ ಸುಮಾರು 5033 ಹರ್ಟ್ಸ್. ಎಂಎಸ್‌ನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಉದ್ದಕ್ಕೆ ಒತ್ತಬೇಕು. ವರ್ಗಮೂಲದ ಬ್ರಾಕೆಟ್ ಬಿಟ್ಟರೆ ಎಲ್‌ಗೆ ಮಾತ್ರ ಮೂಲ ತೆಗೆದು ಸಿಯನ್ನು ಹೊರಗೆ ಬಿಡುತ್ತದೆ. ಉತ್ತರ ಬರುತ್ತದೆ, ತಪ್ಪು ಉತ್ತರ. ಮಗು ಅದನ್ನೇ ಬರೆದು ಬರುತ್ತದೆ. ಇಎಸ್ ಪ್ಲಸ್‌ನಲ್ಲಿ ಮೇಲೊಂದು ಖಾನೆ, ಕೆಳಗೊಂದು ಖಾನೆ. ಏನು ಯಾವುದರ ಕೆಳಗಿದೆ ಎಂದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗುಣಾಕಾರದ ಚಿಹ್ನೆ ಹಾಕದೆ 1 ಭಾಗಿಸು 2ಪೈ ಎಂದು ಒತ್ತಿ. ಈ ಕ್ಯಾಸಿಯೊಗಳು 2ಪೈ ಒಂದೇ ಗುಂಪೆಂದು ತಿಳಿದು 0.159 ಕೊಡುತ್ತವೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಈಗಿನವು ಎಡದಿಂದ ಬಲಕ್ಕೆ ಹೋಗಿ 1.571 ಕೊಡುತ್ತವೆ. ಎರಡೂ ತಮ್ಮ ತಮ್ಮ ನಿಯಮಕ್ಕೆ ಸರಿಯೇ. ಗೆಳೆಯನ ಯಂತ್ರ ಎರವಲು ಪಡೆದು ಪರೀಕ್ಷೆಗೆ ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ಸಂಶಯ ಬಂದಲ್ಲಿ ಬ್ರಾಕೆಟ್ ಹಾಕಿ. ಬ್ರಾಕೆಟ್‌ಗೆ ದುಡ್ಡು ಬೀಳುವುದಿಲ್ಲ.

ಇಎಸ್ ಪ್ಲಸ್‌ನಲ್ಲಿ ಮಕ್ಕಳಿಗೆ ಮೊದಮೊದಲು ಸಿಟ್ಟು ಬರಿಸುವ ವಿಷಯ ಒಂದು: ಉತ್ತರ ಭಿನ್ನರಾಶಿಯಲ್ಲೋ ವರ್ಗಮೂಲದಲ್ಲೋ ಬರುತ್ತದೆ. ಸೈನ್ 45 ಎಂದರೆ ರೂಟ್ 2 ಬೈ 2 ಎನ್ನುತ್ತದೆ. ದಶಮಾಂಶ ಬೇಕಾದರೆ ಎಸ್-ಡಿ ಎಂದು ಬರೆದ ಗುಂಡಿ ಒತ್ತಬೇಕು. ಲ್ಯಾಬ್‌ನಲ್ಲಿ ಇಪ್ಪತ್ತು ರೀಡಿಂಗ್ ಲೆಕ್ಕ ಮಾಡುವಾಗ ಇದು ಕಿರಿಕಿರಿ. ಸೆಟಪ್‌ಗೆ ಹೋಗಿ ಲೈನ್ ಮೋಡ್‌ಗೆ ಹಾಕಿಕೊಂಡರೆ ಎಂಎಸ್‌ನಂತೆ ಒಂದೇ ಸಾಲಿನಲ್ಲಿ ಒತ್ತಬಹುದು. ಈ ಸೌಲಭ್ಯ ಇದೆ ಎಂದು ಬಹಳ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಯಾವುದು ಯಾರಿಗೆ

82ಎಂಎಸ್‌ನ ಬೆಲೆ 991ಇಎಸ್ ಪ್ಲಸ್‌ನ ಸುಮಾರು ಅರ್ಧ. ಅದನ್ನು ಕೀಳಾಗಿ ನೋಡಬೇಡಿ. ತ್ರಿಕೋನಮಿತಿ, ಲಾಗ್, ಘಾತ, ಡಿಗ್ರಿ-ಮಿನಿಟ್-ಸೆಕೆಂಡ್, ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್, ರಿಗ್ರೆಶನ್, ಎಲ್ಲ ಅದರಲ್ಲಿದೆ. ಸಿವಿಲ್ ಡಿಪ್ಲೊಮಾ ಓದುವ ಹಾವೇರಿಯ ಹುಡುಗನಿಗೆ ಸರ್ವೇಯಿಂಗ್ ಲೆಕ್ಕಕ್ಕೆ ಬೇಕಾದದ್ದು ಅದರಲ್ಲಿ ಪೂರ್ತಿ ಇದೆ. ಟ್ರಾವರ್ಸ್‌ನ, ಅಂದರೆ ಅಳತೆಯ ಸರಣಿಯ ಒಂದು ಗೆರೆ 84.5 ಮೀಟರ್, ಉತ್ತರದಿಂದ ಅದರ ಕೋನ, ಅಂದರೆ ಬೇರಿಂಗ್, 62 ಡಿಗ್ರಿ ಎನ್ನಿ. ರೆಕ್ ಎಂಬ ಫಂಕ್ಷನ್‌ಗೆ ಆ ಎರಡು ಅಂಕಿ ಕೊಟ್ಟರೆ ಲ್ಯಾಟಿಟ್ಯೂಡ್ (ಉತ್ತರಕ್ಕೆ ಎಷ್ಟು) 39.67, ಡಿಪಾರ್ಚರ್ (ಪೂರ್ವಕ್ಕೆ ಎಷ್ಟು) 74.61 ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ ಇ ಮತ್ತು ಎಫ್ ಮೆಮೊರಿಯಲ್ಲಿ ಇಡುತ್ತದೆ. ಸೈನ್ ಬೇರೆ, ಕಾಸ್ ಬೇರೆ ಒತ್ತುತ್ತ ಕೂರಬೇಕಿಲ್ಲ. ಇಷ್ಟು ಒಳ್ಳೆಯ ಸೌಲಭ್ಯವನ್ನು ನಮ್ಮ ಮಕ್ಕಳು ಬಳಸುವುದೇ ಇಲ್ಲ, ನನಗೆ ಅದೇ ಬೇಸರ.

82ರಲ್ಲಿ ಇಲ್ಲದ್ದು: ಕಾಂಪ್ಲೆಕ್ಸ್ ಸಂಖ್ಯೆ, ಮ್ಯಾಟ್ರಿಕ್ಸ್, ಸಮೀಕರಣ ಬಿಡಿಸುವುದು, ಇಂಟಿಗ್ರೇಶನ್, ಬೈನರಿ-ಹೆಕ್ಸ್. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದುವವರಿಗೆ ಹಾಗಾಗಿ 82 ಸಾಲದು. ಎಸಿ ಸರ್ಕಿಟ್‌ನಲ್ಲಿ ಎರಡು ಇಂಪೀಡೆನ್ಸ್ ಪ್ಯಾರಲಲ್ ಇದ್ದಾಗ ಕಾಂಪ್ಲೆಕ್ಸ್ ಮೋಡ್ ಇಲ್ಲದೆ ಮಾಡುವುದು ಹಿಂಸೆ. ಮೆಶ್ ಅನಾಲಿಸಿಸ್‌ನಲ್ಲಿ ಮೂರು ಕರೆಂಟ್‌ಗೆ ಮೂರು ಸಮೀಕರಣ ಬರುತ್ತವೆ. 991ರಲ್ಲಿ ಗುಣಾಂಕ ತುಂಬಿದರೆ ಉತ್ತರ ಬಂತು. ಕೈಯಲ್ಲಿ ಮಾಡಿದ್ದನ್ನು ತಾಳೆ ನೋಡಲು ಇದು ಬಹಳ ಉಪಯೋಗ. ಹಂತಗಳನ್ನು ಬರೆಯದೆ ಉತ್ತರ ಮಾತ್ರ ಬರೆದರೆ ಅಂಕ ಸಿಗುವುದಿಲ್ಲ ಎನ್ನುವುದು ನೆನಪಿರಲಿ.

991ಎಂಎಸ್‌ನಲ್ಲಿ ಇವೆಲ್ಲ ಇವೆ. ಆದರೆ ಪರದೆ 82ರದ್ದೇ ಬಗೆ. ಮ್ಯಾಟ್ರಿಕ್ಸ್ ತುಂಬುವಾಗ ಒಂದು ಸಲಕ್ಕೆ ಒಂದೇ ಸ್ಥಾನ ಕಾಣುತ್ತದೆ. ಎಲ್ಲಿದ್ದೇನೆ ಎನ್ನುವುದು ಮರೆತುಹೋಗುತ್ತದೆ. ಇಎಸ್ ಪ್ಲಸ್‌ನಲ್ಲಿ ಮೂರು ಸಾಲು ಮೂರು ಕಂಬ ಪೂರ್ತಿ ಕಣ್ಣೆದುರು. ಸ್ಟ್ಯಾಟಿಸ್ಟಿಕ್ಸ್‌ನಲ್ಲೂ ಹಾಗೆಯೇ, ಅಂಕಿಗಳು ಪಟ್ಟಿಯಾಗಿ ಕಾಣುತ್ತವೆ, ತಪ್ಪು ತುಂಬಿದ್ದು ಗೊತ್ತಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆ ಪ್ರಯೋಗದ ಇಳುವರಿ ಅಂಕಿ ತುಂಬುವ ವಿದ್ಯಾರ್ಥಿಗೆ ಇದೊಂದೇ ಕಾರಣಕ್ಕೆ ಇಎಸ್ ಪ್ಲಸ್ ಹೇಳುತ್ತೇನೆ. 82ರಲ್ಲೂ ಆ ಲೆಕ್ಕ ಆಗುತ್ತದೆ, ಆದರೆ ತುಂಬಿದ್ದನ್ನು ಬಾಣ ಒತ್ತಿ ಒಂದೊಂದಾಗಿ ನೋಡಬೇಕು.

ಹಾಗಾಗಿ ಎಂಜಿನಿಯರಿಂಗ್ ಪದವಿಗೆ ಸೇರುವವರಿಗೆ ನನ್ನ ಆಯ್ಕೆ 991ಇಎಸ್ ಪ್ಲಸ್. ಶಾಖೆ ಯಾವುದೇ ಇರಲಿ. 991ಎಂಎಸ್‌ಗೂ ಇದಕ್ಕೂ ಇರುವ ಬೆಲೆಯ ವ್ಯತ್ಯಾಸಕ್ಕೆ ಇಷ್ಟು ಒಳ್ಳೆಯ ಪರದೆ ಸಿಗುವಾಗ ಎಂಎಸ್ ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಮನೆಯಲ್ಲಿ ಅಣ್ಣ ಅಕ್ಕ ಬಳಸಿದ 991ಎಂಎಸ್ ಇದ್ದರೆ ಮಾತ್ರ ಖಂಡಿತ ಅದನ್ನೇ ಬಳಸಿ, ಹೊಸದು ಬೇಡ.

991ಇಎಕ್ಸ್‌ನಲ್ಲಿ ಪರದೆ ಇನ್ನೂ ನುಣುಪು. 192 ಅಡ್ಡ, 63 ಉದ್ದದ ಚುಕ್ಕಿಗಳು. ನಾಲ್ಕು ಅವ್ಯಕ್ತದ ಸಮೀಕರಣ, ನಾಲ್ಕು ಸಾಲಿನ ಮ್ಯಾಟ್ರಿಕ್ಸ್, ಸಣ್ಣದೊಂದು ಸ್ಪ್ರೆಡ್‌ಶೀಟ್, ಫೋನಿನಲ್ಲಿ ಗ್ರಾಫ್ ನೋಡಲು ಕ್ಯೂಆರ್ ಕೋಡ್. ಕೊನೆಯದು ಮನೆಯಲ್ಲಿ ಓದುವಾಗ ಉಪಯೋಗ, ಪರೀಕ್ಷೆಯಲ್ಲಿ ಅಲ್ಲ. ಸ್ಟ್ರಕ್ಚರಲ್ ಲೆಕ್ಕ ಜಾಸ್ತಿ ಮಾಡುವ ಎಂ.ಟೆಕ್ ವಿದ್ಯಾರ್ಥಿಗೆ ನಾಲ್ಕು ಸಾಲಿನ ಮ್ಯಾಟ್ರಿಕ್ಸ್ ಉಪಯೋಗಕ್ಕೆ ಬರುತ್ತದೆ. ಬಿ.ಇ. ಮೊದಲ ವರ್ಷಕ್ಕೆ ಅಗತ್ಯ ಇಲ್ಲ.

991ಸಿಡಬ್ಲ್ಯೂ ಎಲ್ಲಕ್ಕಿಂತ ಹೊಸದು. ಗುಂಡಿಗಳ ಜೋಡಣೆಯನ್ನೇ ಬದಲಿಸಿದ್ದಾರೆ. ಮೊದಲು ಒಂದು ಶಿಫ್ಟ್ ಒತ್ತಿದರೆ ಸಿಗುತ್ತಿದ್ದ ಎಷ್ಟೋ ಫಂಕ್ಷನ್ ಈಗ ಕ್ಯಾಟಲಾಗ್ ಎಂಬ ಪಟ್ಟಿಯೊಳಗೆ ಸೇರಿವೆ. ಎಸ್-ಡಿ ಗುಂಡಿಯ ಬದಲು ಫಾರ್ಮ್ಯಾಟ್ ಎಂಬ ಗುಂಡಿ, ಅದರೊಳಗೆ ಮತ್ತೆ ಆಯ್ಕೆ. ಹೊಸಬರಿಗೆ ಹುಡುಕಲು ಸುಲಭ, ಕೈ ಪಳಗಿದವರಿಗೆ ನಿಧಾನ. ಮೂರು ಗಂಟೆಯ ಪೇಪರಿನಲ್ಲಿ ಆ ಹೆಚ್ಚಿನ ಒತ್ತುಗಳು ಕೂಡಿ ಹೊತ್ತು ತಿನ್ನುತ್ತವೆ. ಇನ್ನೊಂದು ತೊಂದರೆಯೂ ಇದೆ. ಸೀನಿಯರ್‌ಗಳು, ಶಿಕ್ಷಕರು, ವಿಡಿಯೊಗಳು ಹೇಳಿಕೊಡುವ ಒತ್ತುವ ಕ್ರಮ ಬಹುತೇಕ ಇಎಸ್ ಪ್ಲಸ್‌ನದು. ಪಕ್ಕದವನನ್ನು ಕೇಳಿ ಕಲಿಯುವ ಅನುಕೂಲ ಸಣ್ಣದಲ್ಲ.

ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

ನಕಲಿ ಮಾಲು ಇದೆ. ಡಬ್ಬಿ, ಹೆಸರು, ಗುಂಡಿಯ ಬಣ್ಣ ಎಲ್ಲ ಹಾಗೇ ಇರುತ್ತದೆ. ಅದಕ್ಕೆ ಬಿಲ್ ಕೇಳಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿ. ಆಮೇಲೆ ಡಬ್ಬಿ ತೆಗೆಸಿ ನೋಡಿ.

ಸೋಲಾರ್ ಪಟ್ಟಿಯನ್ನು ಓರೆಯಾಗಿ ಹಿಡಿದು ನೋಡಿ. ನಿಜವಾದದ್ದು ಕಂದು ಛಾಯೆಯ ಕಪ್ಪು, ನಡುವೆ ತೆಳ್ಳನೆಯ ಗೆರೆಗಳು ಅದನ್ನು ಭಾಗ ಮಾಡಿರುತ್ತವೆ. ಒಂದೊಂದು ಭಾಗವೂ ಒಂದು ಸೆಲ್. ಒಂದೇ ಸೆಲ್‌ನ ವೋಲ್ಟೇಜ್ ಯಂತ್ರಕ್ಕೆ ಸಾಲದು, ಅದಕ್ಕೆ ಸಾಲಾಗಿ ಜೋಡಿಸುತ್ತಾರೆ. ಗೆರೆಯೇ ಇಲ್ಲದ ನುಣ್ಣನೆಯ ಕಪ್ಪು ಪ್ಲಾಸ್ಟಿಕ್ ಕಂಡರೆ ಅದು ತೋರಿಕೆಗೆ ಅಂಟಿಸಿದ್ದು, ವಾಪಸ್ ಕೊಡಿ.

ಪರದೆಯ ಮೇಲೆ ಸಣ್ಣ ಡಿ ಅಕ್ಷರ ಇದೆಯೇ ನೋಡಿ, ಅಂದರೆ ಡಿಗ್ರಿ. ಆಮೇಲೆ ಸೈನ್ 30. ಅರ್ಧ ಬರಬೇಕು. ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದೆ, 0.454 ಬಂದರೆ ಗ್ರೇಡಿಯನ್‌ನಲ್ಲಿದೆ. ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಪರೀಕ್ಷೆಯ ದಿನವೂ ಉಪಯೋಗ. ಇಡೀ ಪೇಪರ್ ರೇಡಿಯನ್‌ನಲ್ಲಿ ಬರೆದು ಬಂದ ಮಕ್ಕಳನ್ನು ನೋಡಿದ್ದೇನೆ, ಅವರಿಗೆ ಗಣಿತ ಚೆನ್ನಾಗಿ ಬರುತ್ತಿತ್ತು.

ಒಳಗಿನ ಚಿಪ್ ಎಷ್ಟು ಚೊಕ್ಕ ಎಂದು ತಿಳಿಯಲು ಒಂದು ಲೆಕ್ಕ ಇದೆ. ಡಿಗ್ರಿಯಲ್ಲಿ 9ರ ಸೈನ್ ತೆಗೆಯಿರಿ. ಬಂದದ್ದರ ಕಾಸ್, ಅದರ ಟ್ಯಾನ್. ಈಗ ಹಿಂದಕ್ಕೆ ಬನ್ನಿ: ಟ್ಯಾನ್ ಇನ್ವರ್ಸ್, ಕಾಸ್ ಇನ್ವರ್ಸ್, ಸೈನ್ ಇನ್ವರ್ಸ್. ಸರಿಯಾಗಿ 9ಕ್ಕೇ ಮರಳಬೇಕು. 1972ರ ಎಚ್‌ಪಿ-35 ಇದಕ್ಕೆ 9.004076644 ಎನ್ನುತ್ತಿತ್ತು. ಇಂದಿನ ಒಳ್ಳೆಯ ಯಂತ್ರ 9ಕ್ಕೆ ತೀರಾ ಹತ್ತಿರ ನಿಲ್ಲುತ್ತದೆ. ಎರಡನೇ ಮೂರನೇ ದಶಮಾಂಶದಲ್ಲೇ ತಪ್ಪಿದರೆ ಆ ಚಿಪ್ ನಂಬಬೇಡಿ. ಎಚ್‌ಪಿ-35ರ ಮೊದಲ ಯಂತ್ರಗಳಲ್ಲಿ ಇನ್ನೂ ದೊಡ್ಡ ದೋಷ ಇತ್ತು. 2.02ರ ನ್ಯಾಚುರಲ್ ಲಾಗ್ ತೆಗೆದು ಅದನ್ನೇ ಇಯ ಘಾತಕ್ಕೆ ಏರಿಸಿದರೆ 2.02 ಬರುವ ಬದಲು ಬರೀ 2 ಬರುತ್ತಿತ್ತು. ಕಂಪನಿ ಅದನ್ನು ಒಪ್ಪಿಕೊಂಡು ಬದಲಿಸಿಕೊಟ್ಟಿತು.

ಸೀನಿಯರ್‌ನಿಂದ ಹಳೆಯದು ಕೊಳ್ಳುವುದಾದರೆ ಅದೂ ಒಳ್ಳೆಯ ದಾರಿಯೇ. ಪ್ರತಿ ಗುಂಡಿಯನ್ನೂ ಒಮ್ಮೆ ಒತ್ತಿ. ಸಮ ಚಿಹ್ನೆ, ಎಸಿ, ಡಿಲೀಟ್ ಮತ್ತು ಶಿಫ್ಟ್, ಈ ನಾಲ್ಕು ಬೇಗ ಸವೆಯುತ್ತವೆ. 8 ಎಂಬ ಅಂಕಿಯನ್ನು ಸಾಲು ತುಂಬುವವರೆಗೆ ಒತ್ತಿದರೆ ಪರದೆಯ ಸತ್ತ ಗೆರೆಗಳು ಕಾಣುತ್ತವೆ. ಬೆರಳಿನಿಂದ ಸೋಲಾರ್ ಮುಚ್ಚಿ ಸೆಲ್ ನೋಡಿ. ಕೊನೆಗೆ ಹಿಂದಿನವರ ಸೆಟ್ಟಿಂಗ್ ಅಳಿಸಿ: ಇಎಸ್ ಪ್ಲಸ್‌ನಲ್ಲಿ ಶಿಫ್ಟ್, 9, 3, ಸಮ ಚಿಹ್ನೆ, ಎಸಿ. ಎಂಎಸ್‌ನಲ್ಲಿ ಶಿಫ್ಟ್, ಮೋಡ್, 3, ಸಮ ಚಿಹ್ನೆ. ಪರೀಕ್ಷೆಯ ದಿನ ಬೆಳಗ್ಗೆಯೂ ಇದನ್ನೇ ಮಾಡಿ, ಮೇಲೆ ಡಿ ಇದೆಯೇ ನೋಡಿಕೊಂಡು ಚೀಲಕ್ಕೆ ಹಾಕಿ.